ಓಂಡುರ್ಮಾನಿನಲ್ಲಿ ರೊಟ್ಟಿ ಬಡಿದದ್ದು

ತಿಕೋಟಾ

ಪರದೇಶಕ್ಕೆ ಹೋಗಿ ಬಂದವಳನ್ನು ಜನ ಮೊದಲು ಕೇಳುವುದು ಅಲ್ಲಿ ಏನು ನೋಡಿದಿರಿ ಎಂದಲ್ಲ, ಊಟಕ್ಕೆ ಏನು ಮಾಡಿದಿರಿ ಎಂದು. ಜೋಳ ತಿಂದು ಬಂದೆ ಎಂದರೆ ಯಾರ ಮುಖದಲ್ಲೂ ಗೆಲುವು ಕಾಣುವುದಿಲ್ಲ. ಜೋಳ ತಿನ್ನಲು ವಿಮಾನ ಹತ್ತಿ ಸಮುದ್ರ ದಾಟಬೇಕಿತ್ತೇ, ಬಬಲೇಶ್ವರದ ಸಂತೆಯಲ್ಲಿ ಸಿಗುತ್ತಿರಲಿಲ್ಲವೇ ಎಂದು ನಮ್ಮ ಶಾಲೆಯವರೇ ನಕ್ಕರು. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಒಮ್ಮೆಗೇ ಬರೆದುಬಿಡೋಣ ಎಂದು ಕುಳಿತಿದ್ದೇನೆ.

ನನ್ನ ತಮ್ಮ ಮಲ್ಲಪ್ಪ ವಿಜಾಪುರದ ಸೊಲ್ಲಾಪುರ ರಸ್ತೆಯ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ಮುಂದೆ ಸೊಲ್ಲಾಪುರದ ಗಿರಣಿಯಲ್ಲಿ ಕೈ ಪಳಗಿಸಿಕೊಂಡು, ಕಡೆಗೆ ಆಫ್ರಿಕಾದ ಸುಡಾನ್ ದೇಶದ ಬಟ್ಟೆ ಗಿರಣಿಯೊಂದರಲ್ಲಿ ಫೋರ್‌ಮನ್ ಆಗಿ ಹೋದವನು. ಅವನ ಹೆಂಡತಿ ಕಸ್ತೂರಿ ಮದುವೆಯಾದ ಮೇಲೆ ಎರಡು ವರ್ಷ ತಿಕೋಟಾದ ನಮ್ಮ ಮನೆಯಲ್ಲಿ ದಾರಿ ಕಾದು, ಹೋದ ವರ್ಷ ಅವನ ಹತ್ತಿರ ಹೋಗಿದ್ದಳು. ಈಗ ಬಸಿರಿ. ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಸೊರಗಿ ಕಡ್ಡಿಯಾಗಿದ್ದಾಳೆ, ಏನು ಬಯಕೆ ಎಂದು ಕೇಳಿದರೆ ರೊಟ್ಟಿ ಎನ್ನುತ್ತಾಳೆ ಎಂದು ತಮ್ಮ ತಿಳಿಸಿದ್ದ.

ಬಸಿರಿಯ ಬಯಕೆ ನಮ್ಮ ಕಡೆ ಸಣ್ಣ ಮಾತಲ್ಲ. ಕೇಳಿದ್ದನ್ನು ಕೊಡದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎನ್ನುತ್ತಾರೆ. ನಾನು ಬಬಲೇಶ್ವರದ ಹೆಣ್ಣುಮಕ್ಕಳ ಶಾಲೆಯ ಮುಖ್ಯಾಧ್ಯಾಪಕಿ. ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ತರಗತಿಯಲ್ಲಿ ಹೇಳುತ್ತೇನೆ. ಹೇಳಿ ಮನೆಗೆ ಬಂದ ಮೇಲೆ, ಬಸಿರಿ ಹೆಣ್ಣೊಬ್ಬಳು ಬಾಗಿಲ ಮುಂದೆ ಹಾದುಹೋದರೆ ಒಲೆಯ ಮೇಲಿದ್ದದ್ದರಲ್ಲಿ ಒಂದಿಷ್ಟು ಕೊಟ್ಟೇ ಕಳಿಸುತ್ತೇನೆ.

ಅವ್ವನ ತೀರ್ಮಾನ ಬೇರೆಯೇ ಇತ್ತು. ರೊಟ್ಟಿಯನ್ನು ಅಲ್ಲಿಗೆ ಒಯ್ಯುವುದೇಕೆ, ಹುಡುಗಿಯನ್ನೇ ಇಲ್ಲಿಗೆ ಕರೆದುಕೊಂಡು ಬಾ ಎಂದಳು. ಚೊಚ್ಚಲ ಹೆರಿಗೆ, ಅವಳ ತವರು ಬಬಲೇಶ್ವರ, ಅತ್ತೆಯ ಮನೆ ತಿಕೋಟಾ. ನಡುವೆ ಪರದೇಶದ ಕೆಲಸ ಏನಿದೆ? ಬೇಸಿಗೆ ರಜೆ ಇತ್ತು, ನನಗೆ ಗಂಡ ಮಕ್ಕಳ ತಾಪತ್ರಯವಿಲ್ಲ, ತಮ್ಮ ಟಿಕೀಟಿನ ವ್ಯವಸ್ಥೆ ಮಾಡಿದ. ನಾನು ಒಂದು ಕೆಲಸ ಹಿಡಿದರೆ ಮುಗಿಸದೆ ಬಿಡುವುದಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಕೆಲವರು ಅದನ್ನು ಹಟಮಾರಿತನ ಎಂದೂ ಕರೆಯುತ್ತಾರೆ, ಕರೆಯಲಿ. ಹೋಗುವಾಗ ಒಬ್ಬಳು, ಬರುವಾಗ ಇಬ್ಬರು ಎಂದು ಅವ್ವನಿಗೆ ಮಾತು ಕೊಟ್ಟು ಹೊರಟೆ.

ಆದರೂ ಬರಿಗೈಯಲ್ಲಿ ಹೋಗುವ ಮನಸ್ಸಾಗಲಿಲ್ಲ. ಹಿಟ್ಟು ಒಯ್ಯುವಂತಿರಲಿಲ್ಲ, ಬೀಸಿದ ಹಿಟ್ಟು ಹಳತಾದರೆ ಜಿಗಿ ಕಳೆದುಕೊಂಡು ರೊಟ್ಟಿಯ ಅಂಚು ಸೀಳುತ್ತದೆ. ಇದು ನಮ್ಮ ಕಡೆಯ ಸಣ್ಣ ಹುಡುಗಿಗೂ ಗೊತ್ತಿರುವ ವಿಷಯ. ಆದ್ದರಿಂದ ಒಳ್ಳೆಯ ಬಿಳಿಜೋಳವನ್ನೇ ಹಸನು ಮಾಡಿ, ಹೊಸ ಚೀಲದಲ್ಲಿ ತುಂಬಿ, ಬಾಯಿ ಹೊಲಿದು ತೆಗೆದುಕೊಂಡೆ. ಅಲ್ಲಿ ಬೀಸಿಸಿಕೊಂಡರಾಯಿತು ಎಂಬುದು ನನ್ನ ಜಾಣತನ.

ಖಾರ್ತೂಮ್, ವಿಮಾನ ನಿಲ್ದಾಣ

ಆ ಜಾಣತನ ಖಾರ್ತೂಮಿನ ತಪಾಸಣೆಯ ಮೇಜಿನವರೆಗೆ ನಡೆಯಿತು. ಬಿಳಿ ಅಂಗಿಯ ಎತ್ತರದ ಅಧಿಕಾರಿ ಚೀಲದ ಹೊಲಿಗೆ ಬಿಚ್ಚಿ, ಬೊಗಸೆಯಲ್ಲಿ ಜೋಳ ಎತ್ತಿಕೊಂಡು ನನ್ನನ್ನು ನೋಡಿದ. ಹಿಟ್ಟಾಗಿದ್ದರೆ ಬಿಡುತ್ತಿದ್ದನಂತೆ. ಇದು ಕಾಳು, ಕಾಳು ಎಂದರೆ ಬೀಜ, ಹೊರಗಿನ ಬೀಜ ದೇಶದೊಳಗೆ ಬರುವಂತಿಲ್ಲ. ಇದು ಬಿತ್ತಲಿಕ್ಕಲ್ಲ, ರೊಟ್ಟಿ ಮಾಡಲಿಕ್ಕೆ ಎಂದು ನನ್ನ ಶಾಲೆಯ ಇಂಗ್ಲಿಷಿನಲ್ಲಿ ಎಷ್ಟು ವಾದಿಸಿದರೂ ಆತ ಸಮಾಧಾನದಿಂದ ತಲೆ ಅಲ್ಲಾಡಿಸುತ್ತಲೇ ಇದ್ದ. ಕೊನೆಗೆ ನಗುತ್ತ, ನಮ್ಮ ದೇಶದಲ್ಲಿ ಇದಕ್ಕೆ ದುರಾ ಎನ್ನುತ್ತೇವೆ, ಎಲ್ಲಿ ನೋಡಿದರೂ ಇದೇ ಬೆಳೆಯುತ್ತದೆ, ನೀವು ಸಮುದ್ರಕ್ಕೆ ಉಪ್ಪು ಹೊತ್ತು ತಂದಿದ್ದೀರಿ ಎಂದ.

ಇದ್ದರೆ ಇರಲಿ, ಅದು ನಮ್ಮ ಜೋಳ ಅಲ್ಲವಲ್ಲ. ಚೀಲ ಅಲ್ಲೇ ಉಳಿಯಿತು. ಶೇಂಗಾ ಚಟ್ನಿಯ ಡಬ್ಬಿಯನ್ನೂ ತೆರೆಸಿ, ಇದೇನು ಎಂದು ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟುಕೊಂಡ. ಕಣ್ಣಲ್ಲಿ ನೀರು ಬಂತು. ಅದನ್ನು ಮಾತ್ರ ಮರು ಮಾತಿಲ್ಲದೆ ಮುಚ್ಚಿ ಕೊಟ್ಟ.

ಓಂಡುರ್ಮಾನ್

ತಮ್ಮನ ಮನೆ ಖಾರ್ತೂಮಿನಲ್ಲಿರಲಿಲ್ಲ, ನದಿಯ ಆಚೆ ದಂಡೆಯ ಓಂಡುರ್ಮಾನಿನಲ್ಲಿತ್ತು. ಪರದೇಶ ಎಂದರೆ ಮುಗಿಲು ಮುಟ್ಟುವ ಮನೆಗಳು ಎಂದುಕೊಂಡಿದ್ದೆ. ಜೀಪಿನಿಂದ ಇಳಿದಾಗ ಕಂಡದ್ದು ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಗೋಡೆಯ ನೆರಳಿನಲ್ಲಿ ಮಲಗಿದ ಆಡು. ಬೀದಿಯಲ್ಲಿ ಅಲ್ಲಲ್ಲಿ ದೊಡ್ಡ ಮಣ್ಣಿನ ಹರವಿಗಳಲ್ಲಿ ನೀರು ತುಂಬಿ, ಪಕ್ಕದಲ್ಲಿ ತಗಡಿನ ಲೋಟ ಇಟ್ಟಿದ್ದರು, ದಾರಿಹೋಕರು ಕುಡಿಯಲೆಂದು. ನಮ್ಮ ಅರವಟಿಗೆಯೇ. ಅಂಗಳದಲ್ಲಿ ಹಗ್ಗದ ಹೊರಸು ಹಾಕಿಕೊಂಡು ಮಲಗುವುದೂ ನಮ್ಮಂತೆಯೇ. ಬಿಸಿಲೂ ನಮ್ಮದೇ, ಇನ್ನೂ ಒಂದು ಹಿಡಿ ಹೆಚ್ಚು.

ಇಬ್ಬರು ಗಂಡಸರು ಬೀದಿಯಲ್ಲಿ ಎದುರಾದರೆ ಕೈ ಹಿಡಿದುಕೊಂಡು ಬಹಳ ಹೊತ್ತು ಕ್ಷೇಮ ಕೇಳುತ್ತಾರೆ. ನೀನು ಹೇಗಿದ್ದಿ, ಮನೆಯವರು, ಮಕ್ಕಳು, ದನಕರು, ಮತ್ತೆ ನೀನು ಹೇಗಿದ್ದಿ. ಪ್ರತಿಯೊಂದಕ್ಕೂ ತಮಾಮ್ ಎಂದು ಉತ್ತರ. ಆ ಶಬ್ದ ನನಗೆ ಹೊಸದಲ್ಲ, ನಮ್ಮ ಓಣಿಯ ಮುಸಲ್ಮಾನರ ಮನೆಗಳಲ್ಲಿ ಕೇಳಿ ಬೆಳೆದದ್ದು. ಆರಾಮ ಅದೀರಿ ಎಂದು ಬಸ್ಸಿನ ಬಾಗಿಲಲ್ಲಿ ನಿಂತು ದಾರಿ ಕಟ್ಟುವ ನಮ್ಮವರನ್ನು ಬೈಯುತ್ತಿದ್ದವಳು ನಾನು. ಇನ್ನು ಮೇಲೆ ಬೈಯುವುದಿಲ್ಲ, ಇವರ ಮುಂದೆ ನಮ್ಮವರು ಏನೂ ಅಲ್ಲ.

ಬಾಗಿಲಿಗೆ ಬಂದ ಕಸ್ತೂರಿಯ ಕೈಗಳನ್ನೇ ಮೊದಲು ನೋಡಿದೆ. ಮದುವೆಯಲ್ಲಿ ಬಳೆ ಇಡಿಸುವಾಗ ಬಳೆಗಾರ ಒದ್ದಾಡಿದ್ದ ಕೈಗಳವು. ಈಗ ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ಕಾಲಿಗೆ ಬಿದ್ದು ಎದ್ದವಳು ಗೋಡೆ ಹಿಡಿದುಕೊಂಡಳು. ನಾನು ಅಡ್ಡಮಾತು ಆಡಲಿಲ್ಲ, ಅವ್ವ ಕರೆತರಲು ಹೇಳಿದ್ದಾಳೆ ಎಂದೆ. ಅವಳ ಕಣ್ಣು ತುಂಬಿತು. ತಮ್ಮನ ಕರಾರು ಮುಗಿಯಲು ಇನ್ನೂ ಮೂರು ವರ್ಷವಿತ್ತು. ಈಗ ಹೋದರೆ ಅಷ್ಟು ದಿನವೂ ಮತ್ತೆ ದಾರಿ ಕಾಯುವುದೇ, ಹುಟ್ಟಿದ ಕೂಸು ಅಪ್ಪನ ಮುಖ ನೋಡುವ ಹೊತ್ತಿಗೆ ಓಡಾಡುತ್ತಿರುತ್ತದೆ.

"ನಾ ಇಲ್ಲೇ ಇರ್ತೇನ್ರಿ ಅಕ್ಕಾರ. ನಿಮ್ಮ ತಮ್ಮನ ಬಿಟ್ಟು ಬರಂಗಿಲ್ರಿ," ಎಂದಳು. ಇಷ್ಟು ವರ್ಷದಲ್ಲಿ ನನ್ನೆದುರು ಅವಳು ಅಷ್ಟು ಗಟ್ಟಿಯಾಗಿ ಆಡಿದ್ದು ಅದೇ ಮೊದಲು.

ನನಗೂ ಹಟ ಬಂತು. ಇಲ್ಲಿಯ ಜೋಳವನ್ನೇ ತಂದು ರೊಟ್ಟಿ ಬಡಿಯುತ್ತೇನೆ, ಅದು ನಿನ್ನ ಹೊಟ್ಟೆಯಲ್ಲಿ ನಿಂತರೆ ನೀನು ಇಲ್ಲಿರು, ನಿಲ್ಲದಿದ್ದರೆ ನನ್ನ ಸಂಗಡ ಹೊರಡು ಎಂದೆ. ತಮ್ಮನ ಮುಂದೆಯೇ ಆದ ಮಾತು. ಅವನು ನನ್ನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಗಿರಣಿಗೆ ಹೊತ್ತಾಯಿತು ಎಂದು ಎದ್ದು ಹೋದ.

ಮರುದಿನವೇ ಅಂಗಡಿಯಿಂದ ಹಿಟ್ಟು ತರಿಸಿ ಒಲೆ ಹೂಡಿದೆ. ಎಸರು ಕಾಯಿಸಿ, ಹಿಟ್ಟಿಗೆ ಬೆರೆಸಿ, ಅಂಗೈ ಕೆಂಪಾಗುವಂತೆ ನಾದಿದೆ. ಬಡಿಯಲು ಹೋದರೆ ಅಂಚು ನಾಲ್ಕೂ ಕಡೆ ಬಿರಿಯಿತು. ಎತ್ತಲು ಹೋದರೆ ನಡುವೆಯೇ ಹರಿದು ಅರ್ಧ ಹಂಚಿನ ಮೇಲೆ, ಅರ್ಧ ನನ್ನ ಕೈಯಲ್ಲಿ. ಏಳನೆಯ ವಯಸ್ಸಿಗೆ ರೊಟ್ಟಿ ಬಡಿಯಲು ಕಲಿತವಳು ನಾನು. ಆ ದಿನ ಒಲೆಯ ಮುಂದೆ ಕುಳಿತು ಎಳೆ ಹುಡುಗಿಯಂತೆ ಬೆವತೆ. ಕಸ್ತೂರಿ ಚೂರುಗಳನ್ನೇ ಚಟ್ನಿಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡು, ಹಿತ್ತಲಿಗೆ ಓಡಿ ಎಲ್ಲವನ್ನೂ ಕಾರಿಕೊಂಡಳು. ಹಿಟ್ಟು ಹಳತು, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ನಾನೇ ತೀರ್ಪು ಕೊಟ್ಟೆ.

ಎರಡು ನದಿಗಳ ಕೂಡಲ

ಶುಕ್ರವಾರ ತಮ್ಮನಿಗೆ ರಜೆ. ಇಷ್ಟು ದೂರ ಬಂದು ಒಲೆ ಮುಂದೆಯೇ ಕೂಡಬೇಡ ಎಂದು ನನ್ನನ್ನು ಎಬ್ಬಿಸಿ ನದಿ ತೋರಿಸಲು ಕರೆದೊಯ್ದ. ಕಸ್ತೂರಿ ಬರುವ ಸ್ಥಿತಿಯಲ್ಲಿರಲಿಲ್ಲ.

ಖಾರ್ತೂಮಿನಲ್ಲಿ ಬಿಳಿ ನೈಲ್, ನೀಲಿ ನೈಲ್ ಎಂಬ ಎರಡು ನದಿಗಳು ಸೇರುತ್ತವೆ. ಭೂಗೋಳದ ಪಾಠದಲ್ಲಿ ಹುಡುಗಿಯರಿಗೆ ಎಷ್ಟೋ ಸಲ ನಕಾಶೆಯ ಮೇಲೆ ಕೋಲಿಟ್ಟು ತೋರಿಸಿದ್ದೆ, ಆ ಜಾಗದಲ್ಲಿ ನಾನೇ ನಿಲ್ಲುತ್ತೇನೆ ಎಂದು ಅಂದುಕೊಂಡಿರಲಿಲ್ಲ. ಒಂದು ನೀರು ಮಜ್ಜಿಗೆಯ ಬಣ್ಣ, ಇನ್ನೊಂದು ಕಪ್ಪು ನೀಲಿ. ಕೂಡಿದ ಮೇಲೂ ಬಹಳ ದೂರ ತಮ್ಮ ತಮ್ಮ ಬಣ್ಣ ಬಿಡದೆ ಪಕ್ಕ ಪಕ್ಕದಲ್ಲೇ ಹರಿಯುತ್ತವೆ. ಅಭ್ಯಾಸಬಲದಿಂದ ಕೈ ಮುಗಿದೆ. ಕೂಡಲಸಂಗಮಕ್ಕೆ ಹೋದಾಗ ಮಾಡುವಂತೆ ಒಂದು ಬೊಗಸೆ ನೀರು ತಲೆಗೆ ಹಾಕಿಕೊಳ್ಳಲು ಬಗ್ಗಿದವಳು ಕೆಸರಿನಲ್ಲಿ ಜಾರಿ ಮೊಣಕಾಲವರೆಗೆ ಇಳಿದೆ. ದಡದಲ್ಲಿ ಮೀನು ಹಿಡಿಯುತ್ತಿದ್ದವನೊಬ್ಬ ಗಾಳದ ಕೋಲನ್ನೇ ಚಾಚಿ ನನ್ನನ್ನು ಮೇಲಕ್ಕೆ ಎಳೆದ. ಎಳೆದು, ನಗದೆ, ಕ್ಷೇಮ ಕೇಳಲು ಶುರುಮಾಡಿದ. ಮೈಯೆಲ್ಲ ಕೆಸರಾಗಿ ನಿಂತು ನಾನೂ ತಮಾಮ್ ಎಂದೆ.

ಕೆಸರಿನ ಮಣ್ಣು ಒಣಗಿದಾಗ ನೋಡಿದೆ. ನಮ್ಮ ಡೋಣಿ ಹೊಳೆಯ ದಂಡೆಯ ಎರೆಮಣ್ಣಿನಂತೆ ಕಪ್ಪಗಿತ್ತು, ಬಿಟ್ಟೇನೆಂದರೆ ಬಿಡದ ಅಂಟು. ಇಂಥ ಮಣ್ಣಿನಲ್ಲಿ ಬೆಳೆದ ಜೋಳ ಜಿಗಿಯಿಲ್ಲದ್ದು ಹೇಗಾದೀತು ಎಂದು ಧೈರ್ಯ ಬಂತು.

ಮಧ್ಯಾಹ್ನ ತಮ್ಮನ ಗಿರಣಿಯ ಗೆಳೆಯನ ಮನೆಯಲ್ಲಿ ಊಟ. ನಾವು ಮಾಂಸ ತಿನ್ನುವುದಿಲ್ಲ ಎಂದು ತಿಳಿದಿದ್ದ ಆ ಮನೆಯವರು ಬೇಯಿಸಿದ ಕಾಳು, ಬದನೆಕಾಯಿ, ಶೇಂಗಾ ಅರೆದು ಕಲಸಿದ ಟೊಮೆಟೊ ಪಚಡಿ ಮಾಡಿದ್ದರು. ಎಲ್ಲ ಸರಿ, ಆದರೆ ಎಲ್ಲವೂ ಒಂದೇ ದೊಡ್ಡ ಪರಾತದಲ್ಲಿ, ಸುತ್ತ ಎಲ್ಲರೂ ಕುಳಿತು ಒಟ್ಟಿಗೆ ಕೈ ಹಾಕುವುದು. ಎಂಜಲು ಎಂಬ ಮಾತನ್ನು ಅವರಿಗೆ ಹೇಗೆ ಹೇಳುವುದು? ಒಂದು ಬ್ರೆಡ್ಡಿನ ತುಂಡು ಹಿಡಿದು ಬದಿಯಲ್ಲಿ ಸುಮ್ಮನೆ ಕುಳಿತೆ. ನಾಚಿಕೆಯಿಂದ ಹಾಗೆ ಕುಳಿತಿದ್ದೇನೆಂದು ಮನೆಯೊಡತಿ ಚೆನ್ನಾಗಿದ್ದದ್ದನ್ನೆಲ್ಲ ನನ್ನ ಕಡೆಗೇ ಸರಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಪರಾತದ ನನ್ನ ಬದಿ ಗುಡ್ಡವಾಯಿತು, ಉಳಿದ ಬದಿ ಬೋಳಾಯಿತು. ಇನ್ನು ತಿನ್ನದಿದ್ದರೆ ಮನುಷ್ಯತ್ವವಲ್ಲ ಎಂದು ಕೈ ಹಾಕಿದೆ. ಪಚಡಿ ಬಾಯಿಗಿಟ್ಟಾಗ ನಮ್ಮ ಶೇಂಗಾ ಹಿಂಡಿಗೆ ಇವರು ಟೊಮೆಟೊ ಹಿಂಡಿದ್ದಾರೆ ಅನಿಸಿತು. ಎರಡು ಸಲ ಹಾಕಿಸಿಕೊಂಡೆ. ಊಟದ ನಂತರ ಕೆಂಪು ಶರಬತ್ತು ಕೊಟ್ಟರು. ಒಣಗಿಸಿದ ಹೂವನ್ನು ತರಿಸಿ ನೋಡಿದರೆ ನಮ್ಮ ಪುಂಡಿಯ ಜಾತಿಯದು. ನಾವು ಸೊಪ್ಪು ಪಲ್ಯ ಮಾಡುತ್ತೇವೆ, ಇವರು ಹೂವು ಕುಡಿಯುತ್ತಾರೆ.

ಮನೆಗೆ ಮರಳುವಾಗ ದೂಳಿನ ಬಿರುಗಾಳಿ ಎದ್ದಿತು. ದಿಗಂತದಿಂದ ಕಂದು ಗೋಡೆಯೊಂದು ನಡೆದು ಬಂದು ಊರನ್ನು ನುಂಗಿತು. ಮುಖಕ್ಕೆ ಸೆರಗು ಸುತ್ತಿಕೊಂಡು ತಮ್ಮನ ಅಂಗಿ ಹಿಡಿದು ನಡೆದೆ. ಒಳಗೆ ಕಸ್ತೂರಿ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮುಂಜಾನೆ ನಾನು ಇಟ್ಟುಹೋಗಿದ್ದ ಗಂಜಿ ಹಾಗೆಯೇ ಇತ್ತು.

ಜೋಳದ ಪೇಟೆ

ಓಂಡುರ್ಮಾನಿನ ಪೇಟೆ ದೊಡ್ಡದು. ಬೆಳ್ಳಿಯವರ ಸಾಲು, ಚರ್ಮದವರ ಸಾಲು, ಒಂದು ಕಡೆ ಒಂಟೆಗಳು. ಅದೆಲ್ಲ ನೋಡುವ ತಾಳ್ಮೆ ನನಗಿರಲಿಲ್ಲ, ನೇರ ಕಾಳಿನವರ ಸಾಲಿಗೆ ನಡೆದೆ. ಬಿಳಿ, ಕೆಂಪು, ಹಳದಿ, ಎಷ್ಟೋ ಬಗೆಯ ಜೋಳ. ನಮ್ಮಲ್ಲಿ ಮಾಡುವಂತೆ ಪ್ರತಿ ಚೀಲದಿಂದ ಎರಡು ಕಾಳು ಎತ್ತಿ ಹಲ್ಲಲ್ಲಿ ಕಡಿದು, ಬಾಯಲ್ಲಿ ಹಿಟ್ಟಾಗುತ್ತದೋ ಅಂಟಾಗುತ್ತದೋ ನೋಡುತ್ತ ಸಾಲು ಪೂರ್ತಿ ನಡೆದೆ. ಇಳಕಲ್ ಸೀರೆಯ ಹೆಂಗಸೊಬ್ಬಳು ಪೇಟೆಯ ಜೋಳವನ್ನೆಲ್ಲ ಹಸಿಯಾಗಿ ತಿಂದು ಹೋಗುತ್ತಿದ್ದಾಳೆ ಎಂದು ಜನ ಸೇರಿದರು. ಒಬ್ಬ ಮುದುಕ ವ್ಯಾಪಾರಿ ಮಾತ್ರ ಎದ್ದು ನಿಂತು, ಒಳಗಿನಿಂದ ಬೇರೊಂದು ಚೀಲ ಬಿಚ್ಚಿ, ತಾನೂ ಎರಡು ಕಾಳು ಕಡಿದು ನನಗೂ ಎರಡು ಕೊಟ್ಟ. ಅಂಟು ಇತ್ತು.

ಬೀಸಿಸಿಕೊಂಡು ಬಂದು ಅದೇ ದಿನ ಬಡಿದೆ. ರೊಟ್ಟಿ ಗುಂಡಗೆ, ತೆಳ್ಳಗೆ, ಅಂಚು ಸೀಳದೆ ಬಂತು. ಹಂಚಿನ ಮೇಲೆ ನೀರು ಸವರಿ ತಿರುವಿ ಹಾಕಿದಾಗ ಪೂರ್ತಿ ಉಬ್ಬಿತು. ಆ ಕ್ಷಣದಲ್ಲಿ ನನಗಾದ ಸಂತೋಷವನ್ನು ಸುಳ್ಳು ವಿನಯದಿಂದ ಮುಚ್ಚಿಡಲಾರೆ. ಗೆದ್ದೆ ಎಂದುಕೊಂಡೆ. ಬಿಸಿ ರೊಟ್ಟಿ, ಚಟ್ನಿ, ಮೊಸರು ಇಟ್ಟು ಕಸ್ತೂರಿಯ ಮುಂದೆ ಕುಳಿತೆ. ಅವಳು ಕಣ್ಣು ಮುಚ್ಚಿ ತುತ್ತು ತುತ್ತಾಗಿ ಇಡೀ ರೊಟ್ಟಿ ತಿಂದಳು. ತಿನ್ನುತ್ತಿದ್ದಳೋ ನುಂಗುತ್ತಿದ್ದಳೋ ಎಂದು ಆಗಲೇ ಅನುಮಾನ ಬರಬೇಕಿತ್ತು. ತಿಂದು ನನ್ನ ಕಡೆ ನೋಡಿ ನಗಲು ಪ್ರಯತ್ನಿಸಿದಳು. ಆಮೇಲೆ ಬಾಯಿಗೆ ಕೈ ಒತ್ತಿಕೊಂಡಳು, ಹಿತ್ತಲ ಬಾಗಿಲವರೆಗೂ ಹೋಗಲಾಗಲಿಲ್ಲ.

ಸಂಜೆ ಗಿರಣಿಯ ಡಾಕ್ಟರು ಬಂದು ನೋಡಿದರು. ತಿಂದದ್ದು ಹೀಗೆಯೇ ಹೊರಗೆ ಬರುತ್ತಿದ್ದರೆ ಕೂಸಿಗೂ ತಾಯಿಗೂ ಅಪಾಯ, ಊರಿಗೆ ಕರೆದೊಯ್ಯುವುದೇ ಒಳ್ಳೆಯದು ಎಂದರು. ತಮ್ಮ ಹೊರಗೆ ಹೋಗಿ ಬೀದಿಯ ಹರವಿಯ ಹತ್ತಿರ ನೀರು ಕುಡಿಯುವವನಂತೆ ಬಹಳ ಹೊತ್ತು ನಿಂತ.

ಗೋಡೆಯ ಆಚೆ

ಮರುದಿನ ತಮ್ಮ ಕೆಲಸಕ್ಕೆ ಹೋದ ಮೇಲೆ ಪಕ್ಕದ ಮನೆಯವಳು ಬಾಗಿಲು ತಟ್ಟದೆಯೇ ಒಳಗೆ ಬಂದಳು. ಹೆಸರು ನಫೀಸಾ, ಹಜ್ ಯಾತ್ರೆ ಮಾಡಿದವಳಾದ್ದರಿಂದ ಬೀದಿಯವರೆಲ್ಲ ಹಾಜಾ ಎನ್ನುತ್ತಿದ್ದರು. ನಮ್ಮ ಸೀರೆಯಂತೆಯೇ ಮೈಗೆ ಸುತ್ತುವ ತೋಬ್ ಉಟ್ಟ ದೊಡ್ಡ ಆಳು, ಇನ್ನೂ ದೊಡ್ಡ ದನಿ. ಕೈಯಲ್ಲಿ ಬಣ್ಣದ ಖರ್ಜೂರದ ಗರಿಯಿಂದ ಹೆಣೆದ ಮುಚ್ಚಳ ಹಾಕಿದ ತಟ್ಟೆ. ಕಸ್ತೂರಿಯನ್ನು ಕಂಡವಳೇ ತಟ್ಟೆ ಕೆಳಗಿಟ್ಟು, ಸೊಂಟದ ಮೇಲೆ ಕೈ ಇಟ್ಟು ಬೈಯಲು ಶುರು ಮಾಡಿದಳು. ಕೈಯನ್ನು ಬಾಯಿಯ ಹತ್ತಿರ ಒಯ್ದು, ಹುಡುಗಿಯ ಹೊಟ್ಟೆ ತೋರಿಸಿ, ಗೋಡೆಯ ಆಚೆ ಬೆರಳು ಮಾಡಿ, ಕೊನೆಗೆ ನನ್ನನ್ನೇ ದುರುಗುಟ್ಟಿ ನೋಡಿ ಏನೋ ಕೇಳಿದಳು. ಕಸ್ತೂರಿ ಅವಳ ಭಾಷೆಯಲ್ಲೇ ಮೆಲ್ಲಗೆ ಉತ್ತರ ಕೊಟ್ಟಳು. ಅವಳಿಗೆ ಅರಬ್ಬಿ ಬರುತ್ತದೆ ಎಂದು ನನಗೆ ಆಗಲೇ ಗೊತ್ತಾದದ್ದು.

"ಏನಂತಾಳ ಈಕಿ?" ಎಂದೆ.

"ಆರಾಮ ಅದೀರೇನು ಅಂತ ಕೇಳಾಕತ್ತಾಳ್ರಿ."

ಇಷ್ಟು ವರ್ಷ ಹುಡುಗಿಯರ ಶಾಲೆ ನಡೆಸಿದವಳಿಗೆ, ಸುಳ್ಳು ಹೇಳುವಾಗ ಹುಡುಗಿಯರು ಎಲ್ಲಿ ನೋಡುತ್ತಾರೆ ಎಂದು ಯಾರೂ ಕಲಿಸಬೇಕಿಲ್ಲ. ಕಸ್ತೂರಿ ಕಾಲಬೆರಳು ನೋಡುತ್ತಿದ್ದಳು.

"ಆರಾಮ ಅದೀರೇನು ಅನ್ನಾಕ ಇಷ್ಟು ಮಾತ ಬೇಕೇನ? ಖರೇ ಹೇಳು ಕಸ್ತೂರಿ."

ಅವಳು ಅಲ್ಲೇ ನೆಲದ ಮೇಲೆ ಕುಳಿತು ಹೇಳಿದಳು. ಬಸಿರಾದಾಗಿನಿಂದ ಮನೆಯಲ್ಲಿ ಬೇಯಿಸಿದ ಯಾವುದರ ವಾಸನೆಯೂ ಆಗುತ್ತಿರಲಿಲ್ಲ. ಒಂದು ದಿನ ಗೋಡೆಯ ಆಚೆಯಿಂದ ಹುಳಿ ಹಿಟ್ಟು ಬೇಯುವ ವಾಸನೆ ಬಂತು. ಅವಳಿಗೇ ತಿಳಿಯದಂತೆ ಎದ್ದು ಹೋಗಿ ನಫೀಸಾಳ ಒಲೆಯ ಮುಂದೆ ಕುಳಿತಿದ್ದಳು. ಅಲ್ಲಿ ತಿಂದದ್ದೊಂದೇ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ಗಂಡ ಗಿರಣಿಗೆ ಹೋದ ಮೇಲೆ ದಿನಾ ಹೋಗುತ್ತಿದ್ದಳು. ನಾನು ಬರುತ್ತೇನೆ ಎಂದು ತಿಳಿದ ದಿನದಿಂದ ಬಿಟ್ಟುಬಿಟ್ಟಿದ್ದಳು.

"ಏನ ಬೇಕಂತ ಅವರು ಕೇಳಿದಾಗ ಬಾಯಿಗೆ ರೊಟ್ಟಿ ಅಂತ ಬಂತ್ರಿ. ಪರದೇಶದಾಗ ಮಂದಿ ಮನ್ಯಾಗ ಉಣ್ಣಾಕತ್ತೇನಿ ಅಂದ್ರ ನೀವೆಲ್ಲಾ ಏನಂತಿದ್ರಿ? ನೀವು ರೊಟ್ಟಿ ಮಾಡಿದಾಗ ತಿಂದು ದಕ್ಕಿಸ್ಕೋಬೇಕಂತ ಭಾಳ ಮಾಡಿದ್ನಿರಿ ಅಕ್ಕಾರ. ಆಗಲಿಲ್ರಿ."

ನನಗೆ ಸಿಟ್ಟು ಬಂತು. ಮೊದಲು ಅವಳ ಮೇಲೆ, ಆಮೇಲೆ ಆ ತಟ್ಟೆಯ ಮೇಲೆ. ಅಷ್ಟು ಕಷ್ಟಪಟ್ಟು ಉಬ್ಬಿಸಿದ ರೊಟ್ಟಿಯನ್ನು ಬಿಟ್ಟು ಇವಳಿಗೆ ಬೇಕಾದದ್ದು ಅದು. ಆದರೆ ನಾನು ಕಟ್ಟಿದ ಪಂದ್ಯ ಗೆಲ್ಲಬೇಕೆಂದು ಆ ಬಡಕಲು ಹುಡುಗಿ ಕಣ್ಣು ಮುಚ್ಚಿ ತುತ್ತು ನುಂಗಿದ್ದು ನೆನಪಾಗಿ ಸಿಟ್ಟು ಇಳಿಯಿತು. ಉಳಿದದ್ದು ಸಂಕಟ. ನಡಿ, ಅವಳ ಒಲೆ ನೋಡೋಣ ಎಂದೆ.

ನಫೀಸಾಳ ಅಡುಗೆಮನೆ ಅಂಗಳದ ಮೂಲೆಯ ಒಂದು ಚಪ್ಪರ. ಜೋಳದ ಹಿಟ್ಟನ್ನು ಹಿಂದಿನ ದಿನವೇ ನೀರಾಗಿ ಕಲಸಿ ಹುಳಿ ಬರಿಸಿರುತ್ತಾಳೆ. ಅಗಲವಾದ ಕಾದ ಹಂಚಿನ ಮೇಲೆ ಅದನ್ನು ಸುರಿದು, ಗರಿಯ ಚೂರಿನಿಂದ ಎಳೆದು ಕಾಗದದಷ್ಟು ತೆಳ್ಳಗೆ ಹರಡುತ್ತಾಳೆ. ಹರಡಿ ಮುಗಿಯುವಷ್ಟರಲ್ಲಿ ಬೆಂದಿರುತ್ತದೆ, ಅಂಚು ಹಿಡಿದು ಎತ್ತಿದರೆ ಹಾಳೆಯಂತೆ ಏಳುತ್ತದೆ. ಇದಕ್ಕೆ ಕಿಸ್ರಾ ಎನ್ನುತ್ತಾರೆ. ಕೆಲಸ ಚೊಕ್ಕಟವಾಗಿತ್ತು, ಹೆಸರಿಡಲು ತಪ್ಪೇನೂ ಸಿಗಲಿಲ್ಲ. ಹಂಚಿಗೆ ಬಟ್ಟೆಯಿಂದ ಜಿಡ್ಡು ಒರೆಸಿದಾಗ ಮಾತ್ರ, ಅದು ಯಾವ ಜಿಡ್ಡು ಎಂದು ಕಸ್ತೂರಿಯಿಂದ ಕೇಳಿಸಿದೆ. ಎಳ್ಳೆಣ್ಣೆ ಎಂದಳು. ಯಾವಾಗಲೂ ಎಳ್ಳೆಣ್ಣೆಯೇ ಎಂದು ಮತ್ತೆ ಕೇಳಿಸಿದೆ. ನಫೀಸಾ ನಕ್ಕು, ಗೋಡೆಗೆ ಒರಗಿಸಿಟ್ಟಿದ್ದ ಇನ್ನೊಂದು ಹಂಚು ತೋರಿಸಿದಳು. ತನ್ನ ಮನೆಯವರದು ಅದು, ಅದಕ್ಕೆ ಪ್ರಾಣಿಯ ಕೊಬ್ಬು. ಮೊದಲ ದಿನ ಹುಡುಗಿ ಆ ವಾಸನೆಗೆ ಮುಖ ತಿರುಗಿಸಿದ್ದನ್ನು ಕಂಡು, ಕಾರಣ ಕೇಳಿ ತಿಳಿದುಕೊಂಡು, ಅವಳಿಗಾಗಿಯೇ ಪೇಟೆಯಿಂದ ಹೊಸ ಹಂಚು ತಂದಿದ್ದಳಂತೆ. ಸಾರಿಗೂ ಬೇರೆ ಗಡಿಗೆ, ಅದರಲ್ಲಿ ಒಣ ಬೆಂಡೆಯ ಪುಡಿ, ಉಳ್ಳಾಗಡ್ಡಿ, ಮಜ್ಜಿಗೆ.

ಯಾರೂ ಹೇಳದೆ ಅವಳು ಅಷ್ಟು ಮಾಡಿದ್ದಳು. ನಾನು ಒಲೆಯ ಮುಂದೆ ಕುಳಿತೆ.

"ಬಡಸಾಕ ಹೇಳು. ನನಗೂ," ಎಂದೆ.

ಬಾಯಿಗಿಟ್ಟರೆ ನಮ್ಮ ಅಂಬಲಿಯ ಹುಳಿ. ಬೇಸಿಗೆಯಲ್ಲಿ ಹೊಲದಿಂದ ಬಂದವರು ಗಡಿಗೆ ಎತ್ತಿ ಕುಡಿಯುವ ಜೋಳದ ಅಂಬಲಿಯನ್ನು ಇವರು ಹಾಳೆ ಮಾಡಿ ಬೇಯಿಸಿದ್ದರು. ನಾನು ತಿನ್ನುವುದನ್ನು ಬಿಟ್ಟು ಕಸ್ತೂರಿಯನ್ನು ನೋಡುತ್ತ ಕುಳಿತೆ. ಈ ಸಲ ಅವಳು ಕಣ್ಣು ತೆರೆದುಕೊಂಡೇ ತಿಂದಳು. ಇನ್ನೊಂದು ಹಾಕಿಸಿಕೊಂಡಳು, ಸಾರನ್ನು ಬೆರಳಿನಿಂದ ಬಳಿದಳು. ಬಿಸಿಲು ಚಪ್ಪರದಿಂದ ಸರಿಯುವ ತನಕ ನಾವು ಅಲ್ಲೇ ಕಾದೆವು. ತಿಂದದ್ದು ಹೊಟ್ಟೆಯಲ್ಲಿ ನಿಂತಿತು.

ಹೊರಡುವ ಮುಂಜಾನೆ

ಆಮೇಲಿನ ದಿನಗಳಲ್ಲಿ ನಾವಿಬ್ಬರೂ ದಿನವೂ ಗೋಡೆಯ ಆಚೆ ಹೋದೆವು. ಗರಿಯ ಚೂರು ಇಸಿದುಕೊಂಡು ನಾನೂ ಹರಡಿದೆ, ಮೊದಲ ಹಾಳೆ ಮೂರು ಕಡೆ ಹರಿಯಿತು. ನಫೀಸಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೇಡಿಗೆ ಅವಳ ಕೈಗೆ ನಾದಿದ ಹಿಟ್ಟು ಕೊಟ್ಟು ರೊಟ್ಟಿ ಬಡಿಯಲು ಹಚ್ಚಿದೆ. ಅವಳದು ರೊಟ್ಟಿಯಾಗಲಿಲ್ಲ, ಸುಡಾನಿನ ನಕಾಶೆಯಾಯಿತು. ಮುಂದಿನ ಶುಕ್ರವಾರ ಊರ ಹೊರಗಿನ ದರ್ಗಾದ ಬಯಲಿನಲ್ಲಿ ಫಕೀರರು ಹಸಿರು ಅಂಗಿ ತೊಟ್ಟು ಗಿರಗಿರನೆ ತಿರುಗುವುದನ್ನು ನೋಡಲು ಕಸ್ತೂರಿಯೂ ಬಂದಳು. ವಿಜಾಪುರದ ಉರುಸಿನಲ್ಲಿ ಕೇಳಿದ ಡಫಿನ ಸದ್ದೇ ಅಲ್ಲಿಯೂ ಕೇಳಿತು. ಅವಳು ನಡೆದೇ ಹೋಗಿ ನಡೆದೇ ಬಂದಳು. ಡಾಕ್ಟರು ಮತ್ತೆ ನೋಡಿ, ಏನು ಔಷಧ ಕೊಟ್ಟಿರಿ ಎಂದು ನನ್ನನ್ನೇ ಕೇಳಿದರು.

ಅವಳು ಇಲ್ಲೇ ಇರಲಿ ಎಂದು ನನ್ನ ಮನಸ್ಸು ಆಗಲೇ ತೀರ್ಮಾನ ಮಾಡಿತ್ತು. ಆದರೆ ಬಾಯಿ ಬಿಟ್ಟು ಹೇಳಲಿಲ್ಲ. ಅವ್ವನಿಗೆ ಕೊಟ್ಟ ಮಾತು ಎದೆಯಲ್ಲಿ ಅಡ್ಡ ಕುಳಿತಿತ್ತು. ಚೊಚ್ಚಲ ಹೆರಿಗೆಯನ್ನು ಪರದೇಶದ ದವಾಖಾನೆಗೆ ಬಿಟ್ಟು ಬಂದೆ ಎಂದರೆ ಅವ್ವನೂ ಕೇಳುವುದಿಲ್ಲ, ಅವಳ ತವರಿನವರೂ ಕೇಳುವುದಿಲ್ಲ. ಕೊಟ್ಟ ಮಾತಿಗೆ ತಪ್ಪಿದವಳು ಎಂದು ನನ್ನನ್ನು ಯಾರೂ ಅಂದದ್ದಿಲ್ಲ. ದಿನಗಳು ಕಳೆದವು. ತಮ್ಮ ನಮ್ಮಿಬ್ಬರ ಟಿಕೀಟುಗಳನ್ನೂ ತಂದು ಮೇಜಿನ ಮೇಲಿಟ್ಟ.

ಹೊರಡುವ ಮುಂಜಾನೆ ಎದ್ದು ನೋಡಿದರೆ ಬಾಗಿಲ ಹತ್ತಿರ ಕಸ್ತೂರಿಯ ಟ್ರಂಕು. ಅವಳು ಮಿಂದು, ತಲೆ ಬಾಚಿ, ಪ್ರಯಾಣದ ಸೀರೆ ಉಟ್ಟು ಅದರ ಪಕ್ಕದಲ್ಲಿ ನಿಂತಿದ್ದಳು. ತಮ್ಮ ಅಂಗಳದಲ್ಲಿ ನಮಗೆ ಬೆನ್ನು ಮಾಡಿ ನಿಂತಿದ್ದ.

"ಇದೇನ?" ಎಂದೆ.

"ನಿಮ್ಮ ರೊಟ್ಟಿ ನನಗ ದಕ್ಕಲಿಲ್ಲಲ್ರಿ ಅಕ್ಕಾರ. ಆದ ಮಾತು ಮಾತರಿ. ಬರ್ತೇನ್ರಿ ನಾ."

ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ಮೌನವನ್ನು ಅವಳು ತೀರ್ಪು ಎಂದುಕೊಂಡು, ಸೋತ ಪಂದ್ಯಕ್ಕೆ ತಲೆಬಾಗಿ, ಒಬ್ಬಳೇ ಟ್ರಂಕು ತುಂಬಿದ್ದಳು. ಈ ಮನೆಯಲ್ಲಿ ಹಟವಿರುವುದು ನನಗೊಬ್ಬಳಿಗೇ ಎಂದು ಇಷ್ಟು ವರ್ಷ ತಿಳಿದುಕೊಂಡಿದ್ದೆನಲ್ಲ.

ನಾನು ನೆಲದ ಮೇಲೆ ಕುಳಿತು ಟ್ರಂಕಿನ ಕೊಂಡಿ ತೆಗೆದೆ. ಸೀರೆಗಳನ್ನು ಒಂದೊಂದಾಗಿ ಹೊರಗೆ ತೆಗೆದು, ಒಳಗೆ ಹೋಗಿ ಕಪಾಟಿನಲ್ಲಿ ಮೊದಲಿನಂತೆ ಜೋಡಿಸಿದೆ. ಅವಳು ಕೈ ಅಡ್ಡ ತಂದಳು.

"ಮಾತು ಕೊಟ್ಟಾಕಿ ನಾ, ಮುರಿಯಾಕಿನೂ ನಾನ. ನೀ ನಡುವ ಬರಬ್ಯಾಡ," ಎಂದೆ.

ಆಗ ಅತ್ತಳು. ನಾನೂ ಅತ್ತೆ, ಅದನ್ನೇಕೆ ಮುಚ್ಚಿಡಲಿ. ಗೋಡೆಯ ಆಚೆಯಿಂದ ಹಾಜಾ ಬಂದು, ಇಬ್ಬರೂ ಅಳುವುದನ್ನು ನೋಡಿ ಹುಡುಗಿಯನ್ನು ಕರೆದೊಯ್ಯುತ್ತಿದ್ದೇನೆಂದು ತಿಳಿದು, ನನ್ನನ್ನು ಮತ್ತೆ ಬೈಯಲು ಶುರುಮಾಡಿದಳು. ಕಸ್ತೂರಿ ಕಣ್ಣೊರೆಸಿಕೊಂಡು ವಿಷಯ ತಿಳಿಸಬೇಕಾಯಿತು. ತಿಳಿದ ಮೇಲೆ ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಕ್ಷೇಮ ಕೇಳಿದಳು, ಉದ್ದಕ್ಕೆ, ಮನೆಯವರೆಲ್ಲರದೂ.

ಮತ್ತೆ ತಿಕೋಟಾ

ವಿಜಾಪುರದಿಂದ ತಿಕೋಟಾದ ಬಸ್ಸಿನಲ್ಲಿ ಅವ್ವನಿಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸುತ್ತ ಬಂದೆ. ಡಾಕ್ಟರು ಹೀಗೆಂದರು, ದವಾಖಾನೆ ಹತ್ತಿರವಿದೆ, ನೆರೆಯವರು ಒಳ್ಳೆಯವರು, ಅದು ನಮ್ಮ ಜೋಳವೇ. ಪಾಠದ ಟಿಪ್ಪಣಿಯಂತೆ ಎಲ್ಲವೂ ಕ್ರಮವಾಗಿತ್ತು.

ಬಸ್ ಸ್ಟ್ಯಾಂಡಿಗೆ ಅವ್ವ ತಾನೇ ಬಂದಿದ್ದಳು, ಜೊತೆಗೆ ಬಬಲೇಶ್ವರದಿಂದ ಬಂದ ಕಸ್ತೂರಿಯ ತಾಯಿ. ನಾನು ಇಳಿದೆ. ಇಬ್ಬರೂ ನನ್ನನ್ನು ದಾಟಿ ಬಸ್ಸಿನ ಬಾಗಿಲನ್ನೇ ನೋಡುತ್ತಿದ್ದರು. ಬುಟ್ಟಿಯವರು ಇಳಿದರು, ಕೂಸೆತ್ತಿಕೊಂಡವಳೊಬ್ಬಳು ಇಳಿದಳು, ಕಂಡಕ್ಟರು ಬಾಗಿಲು ಹಾಕಿಕೊಂಡ. ಬಸ್ಸು ದೂಳೆಬ್ಬಿಸಿ ಹೋಯಿತು.

"ಎಲ್ಲೇ ಆಕಿ?" ಎಂದಳು ಅವ್ವ.

ಜೋಡಿಸಿಕೊಂಡು ಬಂದದ್ದನ್ನೆಲ್ಲ ಬಿಟ್ಟು ಚೀಲ ಕೆಳಗಿಟ್ಟೆ.

"ಊಟಾ ಮಾಡಾಕತ್ತಾಳ, ಯವ್ವಾ," ಎಂದೆ.